ಎಸ್‌ಎಸ್ ಪ್ಲೇಟಿನಲ್ಲಿ ಎಂ3 ಟ್ಯಾಪ್ ಮುರೀತಾ ಉಂಟು, ಎಂತ ಮಾಡುವುದು?

ಮಲ್ಪೆಯವ:
ನಮಸ್ಕಾರ. ಬೋಟಿನ ಲೈಟಿಗೆ ಸಣ್ಣ ಬ್ರ್ಯಾಕೆಟ್ ಮಾಡಿ ಕೊಡುತ್ತೇನೆ. 304 ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್), 3 ಮಿ.ಮೀ. ದಪ್ಪ, ಅದಕ್ಕೆ ಎಂ3 ಥ್ರೆಡ್ (3 ಮಿ.ಮೀ. ಸ್ಕ್ರೂ ಕೂರುವಂಥದ್ದು) ಬೇಕು. 2.5 ಬಿಟ್‌ನಲ್ಲಿ ತೂತು ಹೊಡೆದು ತೆಂಗಿನೆಣ್ಣೆ ಹಾಕಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಹತ್ಯಾರು) ತಿರುಗಿಸುತ್ತೇನೆ. ಹಿತ್ತಾಳೆಯಲ್ಲಿ ಸಲೀಸಾಗಿ ಹೋಗುವ ಅದೇ ಟ್ಯಾಪ್ ಇದರಲ್ಲಿ ಅರ್ಧಕ್ಕೆ ಕಚ್ಚಿಕೊಂಡು ಪಟ್ ಅಂತ ಮುರಿಯುತ್ತದೆ. ಟ್ಯಾಪ್ ಒಳ್ಳೇದಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಹೌದಾ?

ಬೈಕಂಪಾಡಿ ಲೇತ್:
ಟ್ಯಾಪ್ ಬಿಡಿ, ಮೊದಲು ತೂತು ನೋಡಿ ಮಾರಾಯ್ರೆ. 304 ಉಜ್ಜಿದಷ್ಟೂ ಗಟ್ಟಿಯಾಗುವ ಲೋಹ. ಬಿಟ್ ಮೊಂಡಾಗಿ, ಹ್ಯಾಂಡ್ ಡ್ರಿಲ್ ಫುಲ್ ಸ್ಪೀಡಿನಲ್ಲಿ ಸುಮ್ನೆ ತಿರುಗುತ್ತಾ ಇದ್ದರೆ ತೂತಿನ ಗೋಡೆಯೇ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಎಷ್ಟು ದುಬಾರಿ ಟ್ಯಾಪ್ ತಂದರೂ ಪಾಪ ಅದು ಎಂತ ಮಾಡೀತು. ಡ್ರಿಲ್ ಮಾಡುವಾಗ ಸುರುಳಿ ಸುರುಳಿಯಾಗಿ ಚೂರು ಬರಬೇಕು. ಪುಡಿ ಬಂತಾ, ನಿಲ್ಲಿಸಿ ಬಿಟ್ ಬದಲಾಯಿಸಿ. ಕೋಬಾಲ್ಟ್ ಬಿಟ್ ತೆಗೊಳ್ಳಿ, 1500 ಆರ್‌ಪಿಎಂ ದಾಟಬೇಡಿ, ಗಟ್ಟಿ ಒತ್ತಿ ಹಿಡಿಯಿರಿ.

ಇನ್ನೊಂದು, 2.5 ಬೇಡ, 2.6 ಹಾಕಿ. 2.5ರಲ್ಲಿ ಥ್ರೆಡ್ ಸುಮಾರು 77 ಶೇಕಡಾ ತುಂಬುತ್ತದೆ, 2.6ರಲ್ಲಿ 62. ಪುಸ್ತಕದವರು ಒಪ್ಪಲಿಕ್ಕಿಲ್ಲ, ಆದರೆ 3 ಮಿ.ಮೀ. ದಪ್ಪದಲ್ಲಿ ಆರು ಸುತ್ತು ಸಿಗುತ್ತದಲ್ವಾ, ಲೈಟಿಗೆ ಧಾರಾಳ ಸಾಕು. ಟ್ಯಾಪಿಗೆ ಬೀಳುವ ಭಾರ ಮಾತ್ರ ತುಂಬಾ ಕಡಿಮೆಯಾಗುತ್ತದೆ.

ಮಣಿಪಾಲ್ ಫಿಟ್ಟರ್:
ಮೇಲಿನವರು ಹೇಳಿದ್ದು ಸರಿ. ನಾನು ಸೇರಿಸುವುದು ಇಷ್ಟೇ: ಟ್ಯಾಪ್ ಓರೆಯಾಗಿ ಹೊಕ್ಕರೂ ಮುರಿಯುತ್ತದೆ. ಬೆಂಚ್ ಡ್ರಿಲ್ ಇದ್ದರೆ ಪ್ಲಗ್ ತೆಗೆದು, ಟ್ಯಾಪನ್ನು ಬಿಟ್ ಹಿಡಿಯುವ ಚಕ್ಕಿಗೆ ಕಚ್ಚಿಸಿ, ಕೈಯಲ್ಲೇ ಚಕ್ ತಿರುಗಿಸಿ ಮೊದಲ ಎರಡು ಸುತ್ತು ಹಾಕಿ. ನೆಟ್ಟಗೆ ಕೂತ ಮೇಲೆ ಹ್ಯಾಂಡಲ್. ಅದೂ ಚಿಕ್ಕದು! ಎಂ10 ತಿರುಗಿಸುವ ಉದ್ದದ ಹ್ಯಾಂಡಲಿನಲ್ಲಿ ಎಂ3 ತಿರುಗಿಸಿದರೆ ಬಿಗಿಯಾದದ್ದು ಕೈಗೆ ಗೊತ್ತೇ ಆಗುವುದಿಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ತೂತು ಆರಪಾರ ಇರುವುದರಿಂದ ಸ್ಪೈರಲ್ ಪಾಯಿಂಟ್ ಟ್ಯಾಪ್ ಸಿಕ್ಕಿದರೆ ತನ್ನಿ, ಚೂರನ್ನು ಮುಂದಕ್ಕೇ ತಳ್ಳಿಕೊಂಡು ಹೋಗುತ್ತದೆ. ತೆಂಗಿನೆಣ್ಣೆ ಮೀನು ಹುರಿಯಲಿಕ್ಕೆ ಇರಲಿ, ಎಸ್‌ಎಸ್‌ಗೆ ಕಟಿಂಗ್ ಆಯಿಲ್ಲೇ ಬೇಕು.

ಮಲ್ಪೆಯವ:
ಥ್ಯಾಂಕ್ಸ್. ಒಳಗೆ ಮುರಿದು ಕೂತದ್ದನ್ನು ತೆಗೆಯುವುದು ಹೇಗೆ?

ಬೈಕಂಪಾಡಿ ಲೇತ್:
ಗ್ರಂಧಿಗೆ ಅಂಗಡಿಯ ಪಟಿಕ. ಬಿಸಿನೀರಿನಲ್ಲಿ ಕರಗುವಷ್ಟು ಹಾಕಿ ಗಾಜಿನ ಪಾತ್ರೆಯಲ್ಲಿ ಪೀಸ್ ಮುಳುಗಿಸಿ, ಬಿಸಿ ಆರದಂತೆ ನೋಡಿಕೊಳ್ಳಿ. ಟ್ಯಾಪಿನಿಂದ ಸಣ್ಣ ಗುಳ್ಳೆ ಏಳುತ್ತಾ ಇದ್ದರೆ ಕೆಲಸ ನಡೀತಾ ಉಂಟು ಅಂತ. ನಿಧಾನ, ಗಂಟೆಗಟ್ಟಲೆ ಬೇಕು. ಹಿತ್ತಾಳೆಗೆ ಏನೂ ಆಗುವುದಿಲ್ಲ. 304ರ ವೇಸ್ಟ್ ತುಂಡೊಂದನ್ನು ಮೊದಲು ಹಾಕಿ ನೋಡಿ. ಮಾಮೂಲಿ ಕಬ್ಬಿಣದ ಪೀಸ್ ಮಾತ್ರ ಹಾಕಬೇಡಿ, ಟ್ಯಾಪಿನ ಜೊತೆ ಅದೂ ಕರಗುತ್ತದೆ.

ಪಡುಬಿದ್ರಿ:
ಎಲ್ಲ ಸರಿ, ಆದರೆ ಟ್ಯಾಪ್ ಯಾಕೆ ಬೇಕು? ಹಿಂದೆ ಕೈ ಹೋಗುವ ಜಾಗವಾದರೆ 3.2 ತೂತು ಹೊಡೆದು ನೈಲಾಕ್ ನಟ್ (ಒಳಗೆ ನೈಲಾನ್ ರಿಂಗ್ ಇರುವ, ಸಡಿಲವಾಗದ ನಟ್) ಹಾಕಿ, ಮುಗೀತು. ಉಪ್ಪುನೀರಿಗೆ 304 ಅಷ್ಟಕ್ಕಷ್ಟೇ, ಉಪ್ಪು ತಡೆಯುವ 316 ಎಸ್‌ಎಸ್ ಹಾಕಿದರೆ ಗಿರಾಕಿ ಮತ್ತೆ ಮತ್ತೆ ಬರುವುದಿಲ್ಲ. ಅದು ಲಾಭವೋ ನಷ್ಟವೋ ನೀವೇ ನೋಡಿಕೊಳ್ಳಿ. 😄

ಮಲ್ಪೆಯವ:
ಹಿಂದೆ ಕೈ ಹೋಗುವುದಿಲ್ಲ ಅಣ್ಣ, ಪೈಪಿಗೆ ಒತ್ತಿ ಕೂರುತ್ತದೆ. 2.6 ಬಿಟ್ ಹುಡುಕಲು ನಾಳೆ ಮಂಗಳೂರಿಗೆ ಹೋಗುತ್ತೇನೆ, ಬಂದರಿನ ಕಡೆ ಸಿಗಬಹುದಾ?