ಕುಡಿತ ಬಿಟ್ಟವನು ಕುಡಿಯುವವರ ಜೊತೆ ಕೂರುವುದು ಹೇಗೆ?

ಪ್ರಶ್ನೆ (ಆಳಂದ ತಾಲ್ಲೂಕು, ಕಲಬುರಗಿ)

ಎಲ್ಲರಿಗೂ ಶರಣು. ನಾನು ಕುಡಿತ ಬಿಟ್ಟು 14 ತಿಂಗಳಾಯಿತು. ಈಗ ಊರಿನ ಮೂವರು ಕತ್ತಲಾದ ಮೇಲೆ ಮನೆಗೆ ಬಂದು "ನೀವ್ ಹ್ಯಾಂಗ್ ಬಿಟ್ರಿ" ಎಂದು ಕೇಳುತ್ತಿದ್ದಾರೆ. ಭಾನುವಾರ ಸಂಜೆ ಅವರನ್ನು ಶಾಲೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಮಾತನಾಡಬೇಕೆಂದಿದ್ದೇನೆ. ಆದರೆ ಕಳೆದ ವಾರ ಒಬ್ಬರಿಗೆ ಒಂದು ತಾಸು ಬುದ್ಧಿ ಹೇಳಿದೆ; ಅವರು ತಲೆಯಾಡಿಸುತ್ತ ಎಲ್ಲವನ್ನೂ ಕೇಳಿ, ಎದ್ದು ನೇರವಾಗಿ ಅಂಗಡಿಗೆ ಹೋದರು. ಹತ್ತನೆಯ ತರಗತಿ ಓದಿದ ನಾನು ಈ ಕೆಲಸಕ್ಕೆ ಏನೇನು ಕಲಿಯಬೇಕು?

ಉತ್ತರ 1 (ಹುಮನಾಬಾದ್)

ಅಣ್ಣಾವ್ರೇ, ಬುದ್ಧಿ ಹೇಳುವುದನ್ನು ಬಿಡುವುದೇ ಮೊದಲ ಕಲಿಕೆ. 1935ರಲ್ಲಿ ಅಮೆರಿಕದ ಆ್ಯಕ್ರನ್ ಪಟ್ಟಣದಲ್ಲಿ ಒಬ್ಬ ಷೇರು ದಲ್ಲಾಳಿಗೆ ಮತ್ತೆ ಕುಡಿಯುವ ಚಡಪಡಿಕೆ ಹತ್ತಿದಾಗ, ಅವರು ಬಾರಿಗೆ ಹೋಗದೆ, ಫೋನು ಮಾಡಿ ಮಾಡಿ ಇನ್ನೊಬ್ಬ ಕುಡುಕರನ್ನು ಹುಡುಕಿದರು. ಸಿಕ್ಕವರು ಒಬ್ಬ ಶಸ್ತ್ರವೈದ್ಯರು. ಅದಕ್ಕೆ ಮೊದಲು ತಿಂಗಳುಗಟ್ಟಲೆ ಉಪದೇಶ ಮಾಡಿಯೂ ಒಬ್ಬರನ್ನೂ ಬಿಡಿಸಲಾಗದಿದ್ದ ಆ ದಲ್ಲಾಳಿಯವರು ಅಂದು ತಮ್ಮ ಪಾಡನ್ನಷ್ಟೇ ಹೇಳಿಕೊಂಡರು. ಕುಡಿತ ಬಿಡಬಯಸುವವರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಹುಟ್ಟಿದ್ದು ಹಾಗೆ.

ನಾನು ಮೊದಲ ಸಲ ಇಂಥ ಸಭೆಗೆ ಹೋದಾಗ, ಎಲ್ಲರಿಗೂ ಕಪ್ಪುಬಸಿಯಲ್ಲಿ ಚಹಾ ಕೊಟ್ಟವರು ನನಗೆ ಮಾತ್ರ ಅರ್ಧ ಲೋಟ ಕೊಟ್ಟರು. ಕೈ ನಡುಗಿದರೆ ಬಸಿ ಸದ್ದು ಮಾಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಯಾವ ತರಬೇತಿಯಲ್ಲಿ ಅದನ್ನು ಕಲಿಸುತ್ತಾರೋ ನಾನರಿಯೆ.

ಇನ್ನು, ತೊಗರಿ ಮಾರಿ ಹಣ ಕೈಗೆ ಬರುವ ದಿನ ಮತ್ತು ಜಾತ್ರೆಯ ದಿನಗಳಿಗೆ ಮುಂಚಿತವಾಗಿಯೇ ತಾಲೀಮು ಮಾಡಿಸಿರಿ. ಒಬ್ಬರು ಕುಡಿಯಲು ಕರೆಯುವ ಗೆಳೆಯನಾಗಲಿ, ಇನ್ನೊಬ್ಬರು "ಒಲ್ಲೆ" ಎನ್ನಲಿ. ನಗು ಬರುತ್ತದೆ, ಬರಲಿ. ಹತ್ತು ಸಲ ಹೇಳಿದ ಮೇಲೆಯೇ ಆ ಮಾತು ಬಾಯಿಗೆ ಹತ್ತುತ್ತದೆ.

ಉತ್ತರ 2 (ಶುಶ್ರೂಷಕಿ, ಯಾದಗಿರಿ ಜಿಲ್ಲೆ)

ದಿನವೂ ಹೆಚ್ಚು ಕುಡಿಯುವವರಿಗೆ "ಇಂದೇ ಬಿಟ್ಟುಬಿಡಿ" ಎಂದು ದಯವಿಟ್ಟು ಹೇಳಬೇಡಿ. ಕುಡಿತ ಒಮ್ಮೆಲೇ ನಿಂತಾಗ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣಿಸಿ, ಮೈಬಿಸಿಯೇರಿ, ಪ್ರಾಣಕ್ಕೇ ಅಪಾಯವಾಗಬಹುದು. ನಮ್ಮ ಭಾಗದ ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್, ಅಂದರೆ ನಿದ್ದೆ ಬರಿಸುವ ಕ್ಲೋರಲ್ ಹೈಡ್ರೇಟ್ ಬೆರೆತಿರುವುದುಂಟು. ಅದನ್ನು ಬಿಡುವಾಗಲೂ ಇದೇ ಅಪಾಯವಿದೆ. ಇಂಥವರನ್ನು ಮೊದಲು ವೈದ್ಯರಿಗೆ ತೋರಿಸಿ, ನಂತರ ನಿಮ್ಮ ಸಭೆಗೆ ಕರೆಯಿರಿ. ಯಾರಾದರೂ ಸಾಯುವ ಮಾತನಾಡಿದರೆ ಅದನ್ನು ಗುಟ್ಟಾಗಿಡದೆ, ಅವರನ್ನು ಒಂಟಿಯಾಗಿ ಬಿಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಅವರ ಎದುರಿಗೇ ಕರೆ ಮಾಡಿರಿ, ಕನ್ನಡದಲ್ಲಿಯೂ ಮಾತನಾಡಬಹುದು.

ಉತ್ತರ 3 (ಕಲಬುರಗಿ)

ನನ್ನ ಯಜಮಾನರು ಹೀಗೆಯೇ ಬಿಟ್ಟವರು, ಆದ್ದರಿಂದ ಒಂದು ಮಾತು. ಕತ್ತಲಾದ ಮೇಲೆ ಬರುವವರು ಶಾಲೆಯ ಕಟ್ಟೆಗೆ ಹೇಗೆ ಬಂದಾರು? ಮರೆಯಿರುವ ಜಾಗ ನೋಡಿರಿ. ಅಲ್ಲಿ ಕೇಳಿದ್ದು ಮನೆಯ ಹೆಂಗಸರ ಕಿವಿಗೂ ನಿಮ್ಮಿಂದ ಬೀಳಬಾರದು. ನಮಗೆ ತಿಳಿಯಬೇಕಾದದ್ದನ್ನು ಅವರೇ ಹೇಳಲಿ.

ಪ್ರಶ್ನೆ ಕೇಳಿದವರು

ಮೂವರಲ್ಲಿ ಒಬ್ಬರು ಹಗಲಿಗೇ ಸೇಂದಿ ಕುಡಿಯುವವರು. ಅವರೊಂದಿಗೆ ನಾಳೆ ಬೆಳಗಿನ ಬಸ್ಸಿಗೆ ತಾಲ್ಲೂಕು ಆಸ್ಪತ್ರೆಗೆ ಹೊರಟಿದ್ದೇನೆ. ಸಭೆಯನ್ನು ನಮ್ಮ ಹೊಲದ ಕೊಟ್ಟಿಗೆಗೆ ಬದಲಿಸಿದೆ. ನಾಲ್ಕು ಲೋಟ ತಂದಿದ್ದೇನೆ, ಬಸಿ ತಂದಿಲ್ಲ.