ಪಜಲ್‌ನಲ್ಲಿ ಹೊಳೆಯುವ ನಡೆ ಪಂದ್ಯದಲ್ಲಿ ಏಕೆ ಹೊಳೆಯುವುದಿಲ್ಲ?

ಬಿಳಿಕುದುರೆ (ವಿದ್ಯಾನಗರ, ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಎಂಟನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ದಿನವೂ ರಾತ್ರಿ ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಪಜಲ್ (ಗೆಲ್ಲುವ ನಡೆ ಹುಡುಕುವ ಒಗಟು) ಬಿಡಿಸುತ್ತಾಳೆ. ಫೋರ್ಕ್ (ಒಂದೇ ಕಾಯಿ ಎರಡರ ಮೇಲೆ ಒಟ್ಟಿಗೆ ದಾಳಿ ಮಾಡುವುದು), ಪಿನ್ (ಹಿಂದಿನ ದೊಡ್ಡ ಕಾಯಿಗೆ ಅಡ್ಡ ನಿಂತ ಕಾಯಿ ಕದಲಲಾಗದಂತೆ ಸಿಕ್ಕಿಬೀಳುವುದು), ಸ್ಕ್ಯೂವರ್ (ಮುಂದಿನ ದೊಡ್ಡ ಕಾಯಿ ಸರಿದರೆ ಹಿಂದಿನದು ಸಿಗುವುದು) ಎಲ್ಲವೂ ಅವಳಿಗೆ ನೋಡಿದೊಡನೆ ಹೊಳೆಯುತ್ತವೆ. ಮೂರು ನಡೆಗಳ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ಚೆಕ್) ಆದರೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ಭಾನುವಾರದ ರ‍್ಯಾಪಿಡ್ ಎಂಬ ಕಡಿಮೆ ಸಮಯದ ಟೂರ್ನಿಗಳಲ್ಲಿ ಇದಕ್ಕಿಂತ ಎಷ್ಟೋ ಸುಲಭವಾದ ಅವಕಾಶಗಳು ಕಣ್ಣೆದುರಿಗಿದ್ದರೂ ಅವಳಿಗೆ ಕಾಣುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಕಳೆದ ಟೂರ್ನಿಯಲ್ಲಿ ಅವಳು ಬಿಳಿ ಕಾಯಿಗಳಲ್ಲಿ ಆಡುತ್ತಿದ್ದಳು. ಅವಳ ಕುದುರೆ ಬಿ5ರಲ್ಲಿತ್ತು (ಅಕ್ಷರ ಬಿಳಿಯ ಎಡದಿಂದ ಬಲಕ್ಕೆ ಎಯಿಂದ ಎಚ್‌ವರೆಗಿನ ನೇರ ಸಾಲು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡ ಸಾಲು). ಎದುರಾಳಿಯ ರಾಜ ಇನ್ನೂ ಇ8ರಲ್ಲಿ, ಒಂದು ಆನೆ ಎ8ರಲ್ಲಿ ಇದ್ದವು. ಸಿ7ರ ಪದಾತಿಯನ್ನು ಕಾಯುತ್ತಿದ್ದದ್ದು ಡಿ8ರ ರಾಣಿಯೊಂದೇ. ಆ ರಾಣಿ ಬಿ2ರ ಪದಾತಿಯ ಮೇಲೆ ಕಣ್ಣಿಟ್ಟು ಎಫ್6ಕ್ಕೆ ಬಂದಿತು. ಆಗ ಕುದುರೆಯಿಂದ ಸಿ7ರ ಪದಾತಿಯನ್ನು ಹೊಡೆದಿದ್ದರೆ ರಾಜನಿಗೆ ಚೆಕ್ ಆಗಿ, ಮುಂದಿನ ನಡೆಯಲ್ಲಿ ಆನೆಯೂ ಸಿಗುತ್ತಿತ್ತು. ಅವಳು ಬಿ2ರ ಪದಾತಿಯನ್ನು ಕಾಯಲು ತನ್ನ ಆನೆಯನ್ನು ಬಿ1ಕ್ಕೆ ತಂದಳು. ಮನೆಗೆ ಬಂದು ಅದೇ ಸ್ಥಿತಿಯನ್ನು ಬೋರ್ಡಿನ ಮೇಲೆ ಜೋಡಿಸಿಟ್ಟಾಗ ಒಂದು ಕ್ಷಣವೂ ಯೋಚಿಸದೆ ಸರಿಯಾದ ನಡೆಯನ್ನು ತೋರಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಸುಮ್ಮನಾಗಬಹುದಿತ್ತು. ಆದರೆ ಇದು ಮತ್ತೆ ಮತ್ತೆ ಆಗುತ್ತಿದೆ. ಇನ್ನೂ ಹೆಚ್ಚು ಪಜಲ್ ಬಿಡಿಸಬೇಕೇ, ಅಥವಾ ಬಿಡಿಸುವ ಕ್ರಮವನ್ನೇ ಬದಲಿಸಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಕೋಟೆಬಾಗಿಲು (ಚಿತ್ರದುರ್ಗ):

ಸರ್, ಪಜಲ್ ಎದುರಿಗೆ ಬಂದ ಕೂಡಲೇ ಇಲ್ಲೊಂದು ಗೆಲ್ಲುವ ನಡೆ ಇದೆ ಎಂಬ ಅರ್ಧ ಉತ್ತರ ಸಿಕ್ಕಿಬಿಟ್ಟಿರುತ್ತದೆ; ಉಳಿದರ್ಧವನ್ನು ಮಾತ್ರ ಮಗು ಹುಡುಕುತ್ತದೆ. ಪಂದ್ಯದಲ್ಲಿ ಆ ಸೂಚನೆ ಕೊಡುವವರು ಯಾರೂ ಇರುವುದಿಲ್ಲ. ಇದು ಮಕ್ಕಳಿಗೆ ಮಾತ್ರ ಆಗುವುದೂ ಅಲ್ಲ. 2014ರಲ್ಲಿ ಸೋಚಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಪಂದ್ಯದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ 26ನೇ ನಡೆಯಲ್ಲಿ ತಮ್ಮ ರಾಜನನ್ನು ಡಿ2ಕ್ಕೆ ಸರಿಸಿ ದೊಡ್ಡ ತಪ್ಪು ಮಾಡಿದರು. ವಿಶ್ವನಾಥನ್ ಆನಂದ್ ಅವರ ಕುದುರೆ ಇ5ರ ಪದಾತಿಯನ್ನು ಹೊಡೆದಿದ್ದರೆ, ಬಿಳಿ ಆನೆ ಜಿ8ರ ಆನೆಯನ್ನು ತಿಂದರೂ, ಅದನ್ನು ಮರಳಿ ಹೊಡೆಯುವ ಮೊದಲು ಅದೇ ಕುದುರೆ ಸಿ4ರ ಪದಾತಿಯನ್ನು ಚೆಕ್ ಸಮೇತ ಪಡೆಯುತ್ತಿತ್ತು. ರಾಜ ಡಿ2ಕ್ಕೆ ಬಂದದ್ದರಿಂದಲೇ ಆ ಚೆಕ್ ಹುಟ್ಟಿದ್ದು. ಆನಂದ್ ತಮ್ಮ ಯೋಜನೆಯಂತೆ ಎ-ಪದಾತಿಯನ್ನು ಮುಂದೂಡಿದರು, ಕೊನೆಗೆ ಪಂದ್ಯವನ್ನೂ ಸೋತರು. ಅದನ್ನೇ ಪಜಲ್ ಎಂದು ಕೊಟ್ಟಿದ್ದರೆ ಅವರಿಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂಬುದನ್ನು ನೀವೇ ಊಹಿಸಬಹುದು.

ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಕಲಿಸುವಾಗ ನಾನು ಒಂದೇ ಒಂದು ಪ್ರಶ್ನೆಯನ್ನು ರೂಢಿ ಮಾಡಿಸುತ್ತೇನೆ: ಎದುರಾಳಿ ಈಗ ಸರಿಸಿದ ಕಾಯಿ, ತಾನು ಮೊದಲಿದ್ದ ಮನೆಯಿಂದ ಏನನ್ನು ಕಾಯುತ್ತಿತ್ತು? ಆ ಕಾಯಿ ಎಲ್ಲಿಗೆ ಬಂತು, ಏನನ್ನು ಹೊಡೆಯಲಿದೆ ಎಂಬುದನ್ನು ಎಲ್ಲ ಮಕ್ಕಳೂ ನೋಡುತ್ತಾರೆ, ಏಕೆಂದರೆ ಅದರಲ್ಲಿ ಭಯವಿದೆ. ಅದು ಏನನ್ನು ಬಿಟ್ಟು ಬಂತು ಎಂಬುದನ್ನು ನೋಡುವವರು ಕಡಿಮೆ. ನಿಮ್ಮ ಮಗಳ ಪಂದ್ಯದಲ್ಲಿ ಆದದ್ದೂ ಇಷ್ಟೇ. ಎಫ್6ಕ್ಕೆ ಬಂದ ರಾಣಿಯನ್ನು ಅವಳು ನೋಡಿದಳು, ಡಿ8 ಖಾಲಿಯಾದದ್ದನ್ನು ನೋಡಲಿಲ್ಲ. ಇದರ ಜೊತೆಗೆ ಯಾರ ಕಾವಲೂ ಇಲ್ಲದ ಕಾಯಿಗಳನ್ನು ಗುರುತಿಸುವ ಅಭ್ಯಾಸವೂ ಬೇಕು. ಬ್ರಿಟನ್ನಿನ ಗ್ರ್ಯಾಂಡ್‌ಮಾಸ್ಟರ್ ಜಾನ್ ನನ್ ಒತ್ತಿ ಹೇಳುತ್ತ ಬಂದದ್ದು ಇದನ್ನೇ: ಕಾವಲಿಲ್ಲದ ಕಾಯಿಗಳೇ ಹೆಚ್ಚಾಗಿ ತಂತ್ರಗಳಿಗೆ ಬಲಿಯಾಗುತ್ತವೆ.

ತುಂಗಾತೀರ (ಹರಿಹರ):

ಕೋಟೆಬಾಗಿಲು ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಪ್ರಶ್ನೆ ಕೇಳಿಕೊಂಡ ಮಾತ್ರಕ್ಕೆ ಉತ್ತರ ಹೊಳೆಯುವುದಿಲ್ಲ. ಹೊಳೆಯಬೇಕಾದರೆ ಮಾದರಿಗಳು ಮೊದಲೇ ಮನಸ್ಸಿನಲ್ಲಿ ಕುಳಿತಿರಬೇಕು. ಮನಸ್ಸಿನ ಕೆಲಸವನ್ನು ಅಧ್ಯಯನ ಮಾಡಿದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಗಾರರಿಗೆ ಬೋರ್ಡನ್ನು ಕೆಲವೇ ಸೆಕೆಂಡ್ ತೋರಿಸಿ ಮತ್ತೆ ಜೋಡಿಸಲು ಹೇಳಿದಾಗ, ನಿಜವಾದ ಪಂದ್ಯಗಳ ಸ್ಥಿತಿಗಳನ್ನು ಮಾಸ್ಟರ್ ಆಟಗಾರ ಹೊಸಬನಿಗಿಂತ ಬಹಳ ಚೆನ್ನಾಗಿ ಜೋಡಿಸಿದ. ಕಾಯಿಗಳನ್ನು ಮನಬಂದಂತೆ ಚೆಲ್ಲಿದ ಸ್ಥಿತಿಗಳಲ್ಲಿ ಮಾತ್ರ ಆ ಮೇಲುಗೈ ಉಳಿಯಲಿಲ್ಲ. ಅಂದರೆ ಬಲವಾದ ಆಟಗಾರ ಬಿಡಿಬಿಡಿ ಕಾಯಿಗಳನ್ನಲ್ಲ, ಪರಿಚಿತ ಗುಂಪುಗಳನ್ನು ನೋಡುತ್ತಾನೆ. ಆದ್ದರಿಂದ ಪಜಲ್ ಬಿಡಿಸುವುದು ವ್ಯರ್ಥ ಎಂಬ ಅಭಿಪ್ರಾಯ ಇಲ್ಲಿ ಯಾರಿಗೂ ಬರಬಾರದು.

ಆದರೆ ಮಾದರಿಯನ್ನು ಗುರುತಿಸಿದ ಕೂಡಲೇ ಕೈ ಹಾಕುವ ಮಕ್ಕಳ ಆತುರದ ಬಗ್ಗೆ ಎಚ್ಚರಿಕೆ ಬೇಕು. ಲೆಗಾಲ್ ಮೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಕಡೆ ರಾಜನ ಮುಂದಿನ ಪದಾತಿ ಎರಡು ಮನೆ ನಡೆದು, ಬಿಳಿಯ ಕುದುರೆಗಳು ಎಫ್3 ಮತ್ತು ಸಿ3ರಲ್ಲಿ, ಒಂಟೆ ಸಿ4ರಲ್ಲಿ ಇವೆ. ಕಪ್ಪು ಡಿ6ರಲ್ಲಿ ಪದಾತಿಯನ್ನಿಟ್ಟು, ಜಿ4ರ ಒಂಟೆಯಿಂದ ಎಫ್3ರ ಕುದುರೆಯನ್ನು ಪಿನ್ ಮಾಡಿದೆ ಎಂದುಕೊಳ್ಳಿ. ಈಗ ಕಪ್ಪು ಜಿ-ಪದಾತಿಯನ್ನು ಒಂದು ಮನೆ ಸರಿಸುವಂಥ ಆಲಸ್ಯದ ನಡೆ ಆಡಿದರೆ, ಬಿಳಿ ಕುದುರೆ ರಾಣಿಯನ್ನೇ ಬಿಟ್ಟು ಇ5ರ ಪದಾತಿಯನ್ನು ಹೊಡೆಯಬಹುದು. ಕಪ್ಪು ರಾಣಿಯನ್ನು ತಿಂದರೆ ಎಫ್7ರಲ್ಲಿ ಒಂಟೆಯ ಚೆಕ್, ಡಿ5ರಲ್ಲಿ ಕುದುರೆಯ ಮೇಟ್. ಇದೇ ಸ್ಥಿತಿಯಲ್ಲಿ ಜಿ-ಪದಾತಿಯ ಬದಲು ಕಪ್ಪು ಕುದುರೆ ಸಿ6ಕ್ಕೆ ಬಂದಿದ್ದರೆ ಎಲ್ಲವೂ ತಲೆಕೆಳಗಾಗುತ್ತದೆ; ಅದು ಇ5ರಲ್ಲಿ ಬಿಳಿ ಕುದುರೆಯನ್ನು ಹೊಡೆದು, ಅಲ್ಲಿಂದಲೇ ಜಿ4ರ ಒಂಟೆಯನ್ನೂ ಕಾಯುತ್ತದೆ, ಬಿಳಿಗೆ ಒಂದು ಕಾಯಿ ನಷ್ಟ. ಅದಕ್ಕೇ ಬಿಳಿ ಮೊದಲು ಎಚ್3ರಲ್ಲಿ ಪದಾತಿಯನ್ನಿಟ್ಟು ಒಂಟೆಯನ್ನು ಕೆಣಕಬೇಕು. ಒಂಟೆ ಎಚ್5ಕ್ಕೆ ಹಿಂದೆ ಸರಿದರೆ ಇ5ರ ಹೊಡೆತ ಮತ್ತೆ ಸರಿಹೋಗುತ್ತದೆ, ಏಕೆಂದರೆ ಇ5ಕ್ಕೆ ಬಂದ ಕಪ್ಪು ಕುದುರೆ ಎಚ್5ರ ಒಂಟೆಯನ್ನು ಕಾಯಲಾರದು; ರಾಣಿ ಆ ಒಂಟೆಯನ್ನು ತಿನ್ನುತ್ತದೆ, ಕಪ್ಪು ಕುದುರೆ ಸಿ4ರ ಒಂಟೆಯನ್ನು ಹೊಡೆದರೆ ಬಿ5ರಿಂದ ರಾಣಿಯ ಚೆಕ್ ಬಂದು ಆ ಕುದುರೆಯೂ ಸಿಗುತ್ತದೆ, ಕೊನೆಗೆ ಬಿಳಿಗೆ ಒಂದು ಪದಾತಿ ಲಾಭ. ಒಂಟೆ ಜಿ4ರಲ್ಲಿದೆಯೋ ಎಚ್5ರಲ್ಲಿದೆಯೋ ಎಂಬ ಒಂದು ಮನೆಯ ವ್ಯತ್ಯಾಸದಲ್ಲಿ ಗೆಲುವು ಸೋಲುಗಳು ಅದಲುಬದಲಾಗುತ್ತವೆ. ಈ ಮೂರೂ ಸ್ಥಿತಿಗಳನ್ನು ಅಕ್ಕಪಕ್ಕ ಇಟ್ಟು, ಎಲ್ಲಿ ಹೊಡೆಯಬಹುದು, ಎಲ್ಲಿ ಹೊಡೆಯಬಾರದು ಎಂದು ಮಗಳ ಬಾಯಿಂದಲೇ ಹೇಳಿಸಿ ನೋಡಿ. ನೂರು ಹೊಸ ಪಜಲ್‌ಗಳಿಗಿಂತ ಇದು ಹೆಚ್ಚು ಕಲಿಸುತ್ತದೆ ಎಂದು ನನ್ನ ನಂಬಿಕೆ.

ಬಿಳಿಕುದುರೆ (ವಿದ್ಯಾನಗರ, ದಾವಣಗೆರೆ):

ಇಬ್ಬರಿಗೂ ಧನ್ಯವಾದಗಳು. ಖಾಲಿಯಾದ ಮನೆಯ ಪ್ರಶ್ನೆಯನ್ನು ಮಗಳಿಗೆ ಹೇಳಿದೆ, ಅವಳಿಗೂ ಹಿಡಿಸಿತು. ಆದರೆ ಹದಿನೈದು ನಿಮಿಷದ ಪಂದ್ಯದಲ್ಲಿ ಪ್ರತಿ ನಡೆಗೂ ಹೀಗೆ ಪ್ರಶ್ನೆ ಕೇಳಿಕೊಳ್ಳುತ್ತ ಕುಳಿತರೆ ಗಡಿಯಾರ ಬಿಡುತ್ತದೆಯೇ ಎಂಬುದು ಅವಳ ಮರುಪ್ರಶ್ನೆ.

ಕೋಟೆಬಾಗಿಲು (ಚಿತ್ರದುರ್ಗ):

ತುಂಗಾತೀರ ಅವರು ಕೊಟ್ಟ ಉದಾಹರಣೆ ಸೊಗಸಾಗಿದೆ. ಮಾದರಿಗಳು ಬೇಕು ಎಂಬುದರಲ್ಲಿ ನನಗೂ ತಕರಾರಿಲ್ಲ. ಆದರೆ ಸಿ7ರ ಫೋರ್ಕ್ ಈ ಹುಡುಗಿಗೆ ಗೊತ್ತಿತ್ತು, ಹುಡುಕುವ ಗಳಿಗೆ ಯಾವುದು ಎಂಬುದು ಗೊತ್ತಾಗಲಿಲ್ಲ.

ಸಮಯದ ಬಗ್ಗೆ ಹೇಳುವುದಾದರೆ, ಖಾಲಿಯಾದ ಮನೆಯನ್ನು ನೋಡಲು ಎರಡು ಮೂರು ಸೆಕೆಂಡ್ ಸಾಕು. ಆಳವಾದ ಲೆಕ್ಕಾಚಾರ ಎಲ್ಲ ನಡೆಗಳಿಗೂ ಬೇಡ. ಕಾವಲಿಲ್ಲದ ಕಾಯಿ, ಬಯಲಿಗೆ ಬಿದ್ದ ರಾಜ, ಒಂದೇ ಕಾಯಿ ಎರಡು ಕೆಲಸ ಹೊತ್ತಿರುವುದು, ಇವುಗಳಲ್ಲಿ ಒಂದಾದರೂ ಕಂಡಾಗ ಮಾತ್ರ ನಿಲ್ಲಬೇಕು. ಆಗ ಚೆಕ್‌ಗಳನ್ನು, ಹೊಡೆತಗಳನ್ನು, ಬೆದರಿಕೆಗಳನ್ನು ಅದೇ ಕ್ರಮದಲ್ಲಿ ಪರೀಕ್ಷಿಸಬೇಕು. ಕಾವಲಿಲ್ಲದ ಕಾಯಿಗಳ ಲೆಕ್ಕವನ್ನು ಎದುರಾಳಿಯ ಗಡಿಯಾರ ಓಡುತ್ತಿರುವಾಗಲೇ ಮುಗಿಸಿಟ್ಟುಕೊಳ್ಳಬಹುದು. ಮಕ್ಕಳು ಆ ಹೊತ್ತಿನಲ್ಲಿ ಪಕ್ಕದ ಬೋರ್ಡ್ ನೋಡುತ್ತಿರುತ್ತಾರೆ, ಇಲ್ಲವೇ ಬಾಗಿಲಲ್ಲಿ ನಿಂತ ನಮ್ಮಂಥ ಹಿರಿಯರ ಮುಖ ನೋಡುತ್ತಿರುತ್ತಾರೆ. ಗೆದ್ದರೆ ಬೆಣ್ಣೆ ದೋಸೆ ಎಂಬ ಆಮಿಷವೂ ಸುತ್ತಿನ ನಡುವೆ ಬೇಡ, ಟೂರ್ನಿ ಮುಗಿದ ಮೇಲೆ ಸೋತರೂ ಗೆದ್ದರೂ ಕೊಡಿಸಿ.

ನಡೆ ನಿರ್ಧಾರವಾದ ಮೇಲೆ ಕೈ ಎತ್ತುವ ಮೊದಲು ಎದುರಾಳಿಯ ಎಲ್ಲ ಚೆಕ್‌ಗಳನ್ನೂ ಒಮ್ಮೆ ನೋಡಲೇಬೇಕು. 2006ರಲ್ಲಿ ಬಾನ್ ನಗರದಲ್ಲಿ ಡೀಪ್ ಫ್ರಿಟ್ಜ್ ಎಂಬ ಕಂಪ್ಯೂಟರಿನ ವಿರುದ್ಧ ಆಡುತ್ತಿದ್ದ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್, ಎರಡನೇ ಪಂದ್ಯದಲ್ಲಿ ರಾಣಿಯನ್ನು ಇ3ಕ್ಕೆ ಒಯ್ದು, ಎಚ್7ರಲ್ಲಿ ಒಂದೇ ನಡೆಯ ಮೇಟ್‌ಗೆ ಸಿಕ್ಕಿಬಿದ್ದರು. ಹಿಂದೆ ಕೆಲವು ತರಬೇತುದಾರರು ನಡೆಯನ್ನು ಮೊದಲು ಹಾಳೆಯಲ್ಲಿ ಬರೆದು, ಬೋರ್ಡನ್ನು ಮತ್ತೊಮ್ಮೆ ನೋಡಿ, ಆಮೇಲೆ ಆಡಲು ಹೇಳುತ್ತಿದ್ದರು. ಈಗ ಡ್ರಾ ಕೇಳುವಂಥ ಸಂದರ್ಭಗಳನ್ನು ಬಿಟ್ಟರೆ ಮುಂಚಿತವಾಗಿ ಬರೆಯುವುದನ್ನು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮವೇ ನಿಷೇಧಿಸುತ್ತದೆ, ರ‍್ಯಾಪಿಡ್‌ನಲ್ಲಂತೂ ನಡೆ ಬರೆಯುವುದು ಕಡ್ಡಾಯವೂ ಅಲ್ಲ. ಅದರ ಬದಲು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಯೋಚಿಸಲು ಹೇಳಿ. ಕಾಯಿ ಮುಟ್ಟಿದರೆ ಅದನ್ನೇ ಆಡಬೇಕಾದ ಆಟದಲ್ಲಿ ಇದು ಸಣ್ಣ ಉಪಾಯವಲ್ಲ.

ಮನೆಯ ಅಭ್ಯಾಸದಲ್ಲಿ ಒಂದು ಬದಲಾವಣೆ ಮಾಡಿ. ಅವಳದೇ ಹಳೆಯ ಪಂದ್ಯಗಳಿಂದ ಸ್ಥಿತಿಗಳನ್ನು ನೀವೇ ಆರಿಸಿ ಬೋರ್ಡಿನ ಮೇಲೆ ಜೋಡಿಸಿ, ಎದುರಾಳಿಯ ಕೊನೆಯ ನಡೆಯನ್ನು ಆಡಿ ತೋರಿಸಿ. ಅವುಗಳಲ್ಲಿ ಅರ್ಧದಷ್ಟು ಸ್ಥಿತಿಗಳಲ್ಲಿ ಯಾವ ತಂತ್ರವೂ ಇರಬಾರದು, ಯಾವುದರಲ್ಲಿ ಇದೆ ಎಂದು ನೀವು ಹೇಳಲೂಬಾರದು. ಏನೂ ಇಲ್ಲ, ಆನೆಯನ್ನು ತೆರೆದ ಸಾಲಿಗೆ ತರುತ್ತೇನೆ ಎಂದು ಅವಳು ಹೇಳಿದರೆ ಮತ್ತು ನಿಜವಾಗಿ ಅಲ್ಲಿ ಏನೂ ಇರದಿದ್ದರೆ, ಅದಕ್ಕೂ ಪೂರ್ತಿ ಅಂಕ ಕೊಡಿ. ಇದನ್ನು ರಾತ್ರಿ ನಿದ್ದೆಗಣ್ಣಿನಲ್ಲಿ ಮಾಡಿಸಬೇಡಿ. ವಾರದಲ್ಲಿ ಒಂದೆರಡು ಸಂಜೆ ಕಾಯಿಗಳನ್ನು ಕೈಯಲ್ಲಿ ಹಿಡಿದು ಕುಳಿತರೆ ಸಾಕು, ಉಳಿದ ದಿನ ಲಿಚೆಸ್ ಇದ್ದೇ ಇದೆ.