ಹಳೇ ಸ್ಪೋರ್ಟ್ಸ್ ಕಾರಿನ ಸ್ಟೀಲ್ ರಿಮ್: ರಿಪೇರಿನಾ, ಬದಲಾಯಿಸೋದಾ? (ಪ್ರಶ್ನೋತ್ತರ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಎಂಜಿ (ಎಂಜಿಬಿ, ಮಿಡ್ಜೆಟ್), ಟ್ರಯಂಫ್ (ಹೆರಾಲ್ಡ್, ಸ್ಪಿಟ್‌ಫೈರ್) ಥರದ ಹಳೇ ಬ್ರಿಟಿಷ್ ಗಾಡಿ ಇಟ್ಟುಕೊಂಡವರು ಸ್ಟೀಲ್ ರಿಮ್ ಬಗ್ಗೆ ಪದೇ ಪದೇ ಕೇಳುತ್ತಿದ್ದೀರಿ. ಇವತ್ತು ಸಂಜೆ ನಮ್ಮ ರಿಮ್ ಮೇಸ್ತ್ರಿ ಉತ್ತರ ಕೊಡುತ್ತಾರೆ. ಹಳೇ ಗಾಡಿಗಳ ವೀಲ್ ಕೆಲಸವೇ ಅವರ ಕಸುಬು. ಗಾಡಿ ಯಾವುದು, ತೊಂದರೆ ಏನು ಅಂತ ಸ್ಪಷ್ಟವಾಗಿ ಬರೆಯಿರಿ. ಫೋಟೋ ಹಾಕಿ. ಫಾರ್ವರ್ಡ್ ಹಾಕಬೇಡಿ.

ಮಿಡ್ಜೆಟ್, ಬೆಂಗಳೂರು: ಮೊದಲ ಪ್ರಶ್ನೆ ನನ್ನದೇ ಸರ್. ಪೌಡರ್ ಕೋಟಿಂಗ್ ಒಳ್ಳೆಯದಾ, ಪೇಂಟ್ ಒಳ್ಳೆಯದಾ?

ರಿಮ್ ಮೇಸ್ತ್ರಿ: ನಮಸ್ಕಾರ. ಎರಡೂ ಆಗುತ್ತೆ. ಪೌಡರ್ (ಬಣ್ಣದ ಪುಡಿ ಹೊಡೆದು ಕಾಯಿಸಿ ಕೂರಿಸುವುದು) ಗಟ್ಟಿ, ಆದರೆ ದಪ್ಪ. ನಟ್ ಕೂರುವ ಕೋನ್ ಜಾಗಕ್ಕೂ ಹಬ್‌ಗೆ (ಗಾಡಿಯಲ್ಲಿ ವೀಲ್ ಕೂರುವ ಭಾಗ) ತಾಗುವ ಹಿಂಭಾಗಕ್ಕೂ ಪೌಡರ್ ಬೀಳಬಾರದು. ಅಲ್ಲಿ ಟೇಪ್, ಪ್ಲಗ್ ಹಾಕಿಸಿ. ಅಂಗಡಿಯವರು ತಾವಾಗಿ ಹಾಕಲ್ಲ, ನಿಂತು ಹೇಳಬೇಕು. ಮೊದಲು ಬ್ಲಾಸ್ಟಿಂಗ್ (ಮರಳಿನಂಥ ಪುಡಿ ಜೋರಾಗಿ ಹೊಡೆದು ಹಳೇ ಬಣ್ಣ, ತುಕ್ಕು ತೆಗೆಯೋದು), ಆಮೇಲೆ ಬಿರುಕು ನೋಡೋದು, ಕೊನೆಗೆ ಬಣ್ಣ. ಬಿರುಕಿನ ಮೇಲೆ ಪೌಡರ್ ಹೊಡೆಸಿದರೆ ಅದು ಬೆಳೆದು ದೊಡ್ಡದಾಗುವ ತನಕ ಯಾರ ಕಣ್ಣಿಗೂ ಬೀಳಲ್ಲ.

ಹುಬ್ಬಳ್ಳಿ ಸದಸ್ಯರು: ನಮಸ್ಕಾರ ರೀ. ಎಂಜಿಬಿ ಸ್ಟೀಲ್ ರಿಮ್‌ಗೆ ಕಂಪನಿಯಿಂದ ಬಂದ ಸಿಲ್ವರ್ ಬಣ್ಣಕ್ಕೆ ಹತ್ತಿರದ್ದು ಇಲ್ಲಿ ಯಾವುದು ಸಿಗ್ತದ ರೀ?

ಹೆರಾಲ್ಡ್, ಹಾಸನ: ನಮ್ಮದು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಸ್ಪಿಟ್‌ಫೈರ್ ರಿಮ್ ಹಾಕಬಹುದಾ ಸರ್?

ರಿಮ್ ಮೇಸ್ತ್ರಿ: ಪಿಸಿಡಿ, ಅಂದರೆ ಸ್ಟಡ್‌ಗಳು (ನಟ್ ಹಾಕುವ ಬೋಲ್ಟ್‌ಗಳು) ನಿಂತಿರುವ ವೃತ್ತದ ಅಡ್ಡಳತೆ, ಎರಡಕ್ಕೂ ಒಂದೇ, ಮೂರೂ ಮುಕ್ಕಾಲು ಇಂಚು, ಅಂದರೆ 95.25 ಮಿಮೀ. ಸ್ಪಿಟ್‌ಫೈರ್ ಎದ್ದಿದ್ದೇ ಹೆರಾಲ್ಡ್ ಛಾಸಿಸ್ ಲೆಕ್ಕದಲ್ಲಿ. ಆಮೇಲಿನ ಸ್ಪಿಟ್‌ಫೈರ್ ರಿಮ್ ಅಗಲ ಜಾಸ್ತಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಲ್ಲಾದರೂ ಉಜ್ಜುತ್ತಾ ನೋಡಿ. ನಟ್ ಮಾತ್ರ ನಿಮ್ಮ ಸ್ಟಡ್‌ಗೆ ಸರಿಹೊಂದುವುದೇ ಬೇಕು.

ಎಂಜಿಬಿ, ಮೈಸೂರು: ಸರ್, ನಮ್ಮದು 1972ರ ಎಂಜಿಬಿ ರೋಡ್‌ಸ್ಟರ್, ರೋಸ್ಟೈಲ್ (ಆ ಕಾಲದ ಒಂದು ವಿನ್ಯಾಸದ ಸ್ಟೀಲ್) ರಿಮ್. ಎಡಗಡೆ ಹಿಂದಿನ ವೀಲ್‌ನಲ್ಲಿ ಒಂದು ಸ್ಟಡ್ ತೂತಿನಿಂದ ಬಿರುಕು ಬಿಟ್ಟಿತ್ತು. ರಿಮ್ ಅಂಚು ಸ್ವಲ್ಪ ಬೆಂಡ್ ಸಹ ಆಗಿತ್ತು. ನಿನ್ನೆ ಇಲ್ಲೇ ಒಬ್ಬರ ಹತ್ತಿರ ಬಿರುಕಿಗೆ ವೆಲ್ಡ್ ಮಾಡಿಸಿ, ಅಂಚನ್ನು ಗ್ಯಾಸ್‌ನಲ್ಲಿ ಕಾಯಿಸಿ ಬೆಂಡ್ ತೆಗೆಸಿದೆವು. ಟೈರ್ ಬಿಚ್ಚಲಿಲ್ಲ, ಗಾಳಿ ಬಿಟ್ಟಿದ್ದರು. ಗ್ರೈಂಡ್ ಮಾಡಿ ನೀಟಾಗಿ ಕೊಟ್ಟಿದ್ದಾರೆ. ಭಾನುವಾರ ಊಟಿಗೆ ಹೊರಡ್ತಾ ಇದ್ದೀವಿ. ಈಗ ಬ್ಯಾಲೆನ್ಸಿಂಗ್ ಮಾಡಿಸಿದರೆ ಸಾಕಲ್ವಾ?

ರಿಮ್ ಮೇಸ್ತ್ರಿ: ಸಾಕಾಗಲ್ಲ. ಗಾಡಿ ಓಡಿಸಬೇಡಿ. ಬ್ಯಾಲೆನ್ಸಿಂಗ್ ಅಂಗಡಿ ತನಕವೂ ಬೇಡ. ಉಳಿದವರು ಸ್ವಲ್ಪ ಕಾಯಿರಿ, ಇದನ್ನು ಪೂರ್ತಿ ಬರೆಯುತ್ತೇನೆ.

ಮೊದಲು ಟೈರ್ ವಿಷಯ. ಟೈರ್ ಇರುವಾಗ ರಿಮ್‌ಗೆ ಬೆಂಕಿ ಹಿಡಿಯಬಾರದು. ರಿಮ್ ಕಾದಾಗ ಒಳಗಿನ ರಬ್ಬರ್ ಬೆಂದು ಉರಿಯುವ ಗ್ಯಾಸ್ ಬರುತ್ತೆ. ಟೈರ್ ಒಳಗೆ ಗಾಳಿ ಇದ್ದೇ ಇರುತ್ತೆ. ಎರಡೂ ಸೇರಿ ಹತ್ತಿಕೊಂಡರೆ ಟೈರ್ ಬಾಂಬ್ ಥರ ಸಿಡಿಯುತ್ತೆ. ಗಾಳಿ ಬಿಟ್ಟಿದ್ದರೂ, ವಾಲ್ವ್ ಪಿನ್ ತೆಗೆದಿದ್ದರೂ ಸಿಡಿಯಬಹುದು, ಆ ಸಣ್ಣ ತೂತಿನಿಂದ ಅಷ್ಟು ಒತ್ತಡ ಹೊರಗೆ ಹೋಗಲ್ಲ. ಕೆಲಸ ಮುಗಿದು ಗಂಟೆಗಳಾದ ಮೇಲೂ ಸಿಡಿದದ್ದಿದೆ, ಲಾರಿ ಟೈರ್‌ಗಳಲ್ಲಿ ಜಾಸ್ತಿ. ಜನ ಸತ್ತಿದ್ದಾರೆ. ನಿಮ್ಮದು ನಿನ್ನೆಯೇ ಆಗಿ ತಣ್ಣಗಾಗಿದೆ, ಆ ಭಯ ಮುಗಿಯಿತು ಅಂದುಕೊಳ್ಳೋಣ. ಆದರೆ ಅಂಚು ಕಾಯಿಸಿದ ಕಡೆ ಟೈರ್ ಬೀಡ್ (ರಿಮ್ ಮೇಲೆ ಕೂರುವ ಟೈರಿನ ಅಂಚು) ಸುಟ್ಟಿರುತ್ತೆ. ಹೊರಗಿನಿಂದ ಕಾಣಲ್ಲ. ಆ ಟೈರ್, ಟ್ಯೂಬ್ ಇದ್ದರೆ ಅದೂ, ಮತ್ತೆ ಹಾಕಬೇಡಿ.

ಈಗ ವೆಲ್ಡ್ ವಿಷಯ. ನಟ್‌ನ ಕೋನ್ ತೂತಿನ ಕೋನ್‌ನಲ್ಲಿ ಸುತ್ತಲೂ ಸಮವಾಗಿ ಕೂತರೆ ಮಾತ್ರ ವೀಲ್ ಬಿಗಿಯಾಗಿ ನಿಲ್ಲುತ್ತೆ. ಅದರ ಪಕ್ಕ ವೆಲ್ಡ್ ಮಾಡಿದರೆ ಶಾಖಕ್ಕೆ ಆ ಜಾಗ ಸೊಟ್ಟ ಆಗುತ್ತೆ. ಗ್ರೈಂಡ್ ಮಾಡಿದಾಗ ಇನ್ನೂ ತೆಳ್ಳಗಾಗುತ್ತೆ. ನಟ್ ಒಂದು ಕಡೆ ತಾಗುತ್ತೆ, ಇನ್ನೊಂದು ಕಡೆ ತಾಗಲ್ಲ. ಸ್ಪ್ಯಾನರ್‌ಗೆ ಬಿಗಿ ಅನಿಸುತ್ತೆ, ಸ್ವಲ್ಪ ದೂರ ಓಡಿದರೆ ಸಡಿಲ. ಹೊಸ ಬಿರುಕು ವೆಲ್ಡ್ ಅಂಚಿನಿಂದಲೇ ಶುರುವಾಗುತ್ತೆ. ಊಟಿ ಘಾಟಿಯ ತಿರುವಿನಲ್ಲಿ ಹಿಂದಿನ ವೀಲ್ ಮೇಲೆ ಎಷ್ಟು ಭಾರ ಬೀಳುತ್ತೆ ಅಂತ ಯೋಚನೆ ಮಾಡಿ. ಸ್ಟಡ್ ತೂತಿಗೆ ಬಿರುಕು ಬಿಟ್ಟ ರಿಮ್‌ಗೆ ರಿಪೇರಿ ಇಲ್ಲ. ಗುಜರಿಗೆ ಹಾಕುವ ಮುಂಚೆ ಕತ್ತರಿಸಿ ಹಾಕಿ, ಇಲ್ಲದಿದ್ದರೆ ಯಾರೋ ಬಣ್ಣ ಹೊಡೆದು ಮತ್ತೆ ಮಾರುತ್ತಾರೆ.

ನನಗೆ ಇನ್ನೊಂದು ವಿಷಯ ತಿಳಿಯಬೇಕು. ಬಿರುಕು ಸುಮ್ನೆ ಬರಲ್ಲ. ಈ ರಿಮ್‌ಗಳಿಗೆ ಹಿಂದೆ ಯಾವಾಗಾದರೂ ಪೌಡರ್ ಕೋಟಿಂಗ್ ಮಾಡಿಸಿದ್ದಿರಾ? ಆಮೇಲೆ ನಟ್ ಸಡಿಲ ಆಗ್ತಿತ್ತಾ? ತೂತಿನಿಂದ ಹೊರಗೆ ಕಂದು ಗೆರೆ ಇಳಿದಿತ್ತಾ?

ಎಂಜಿಬಿ, ಮೈಸೂರು: ಹೌದು ಸರ್. ಹೋದ ವರ್ಷ ಮಾಡಿಸಿದ್ದು. ಆಮೇಲೆ ಒಂದೆರಡು ಸಲ ನಟ್ ಟೈಟ್ ಮಾಡಿದ್ದೆ. ಕಂದು ಗೆರೆ ಇತ್ತು, ಮಳೆ ನೀರು ಅಂದುಕೊಂಡಿದ್ದೆವು.

ರಿಮ್ ಮೇಸ್ತ್ರಿ: ಅಲ್ಲೇ ಇದೆ ಕಾರಣ. ನಟ್ ಅಡಿಯಲ್ಲಿ ಪೌಡರ್ ಪದರ ಇದ್ದರೆ ಅದು ಒತ್ತಿ ಒತ್ತಿ ಜಗ್ಗುತ್ತೆ. ಬಿಗಿ ಹೋಗುತ್ತೆ. ವೀಲ್ ಹಬ್ ಮೇಲೆ ಸಣ್ಣಗೆ ಅಲುಗಾಡಿ ತೂತಿನ ಅಂಚು ಸವೆಯುತ್ತೆ. ಆ ತುಕ್ಕಿನ ಪುಡಿಯೇ ನಿಮ್ಮ ಕಂದು ಗೆರೆ. ಉಳಿದ ಮೂರು ವೀಲ್‌ಗೂ ಅದೇ ಅಂಗಡಿಯ ಪೌಡರ್ ಅಲ್ವಾ? ಸ್ಟೆಪ್ನಿಗೂ? ಆ ನಾಲ್ಕನ್ನೂ ಬಿಚ್ಚಿಸಿ. ತೂತುಗಳ ಸುತ್ತ, ಡಿಸ್ಕ್ (ವೀಲ್‌ನ ನಡುವಿನ ತಟ್ಟೆ) ರಿಮ್‌ಗೆ ಸೇರುವ ವೆಲ್ಡ್ ಸುತ್ತ ಪೌಡರ್ ತೆಗೆಸಿ. ಡೈ ಟೆಸ್ಟ್ ಮಾಡಿ: ಕೆಂಪು ಡೈ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಮೇಲಿನದನ್ನು ಪೂರ್ತಿ ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕು ಇದ್ದರೆ ಬಿಳಿ ಮೇಲೆ ಕೂದಲಿನಷ್ಟು ತೆಳುವಾದ ಕೆಂಪು ಗೆರೆ ಮೂಡುತ್ತೆ. ಬಿರುಕು ಬಿಟ್ಟಿದ್ದ ಎಡಗಡೆ ಹಿಂದಿನ ವೀಲ್‌ನ ಸ್ಟಡ್‌ಗಳನ್ನೂ ಬದಲಾಯಿಸಿ, ಅರ್ಧ ಇಂಚು ಯುಎನ್‌ಎಫ್ (ಇಂಚಿನ ಲೆಕ್ಕದ ಸಣ್ಣ ಎಳೆ). ಅಂಗಡಿಯವರು ಎಂ12 (12 ಮಿಮೀ, 1.25 ಎಳೆಯದ್ದು) ಕೊಟ್ಟರೆ ತಗೋಬೇಡಿ. ಅರ್ಧ ಇಂಚಿನ ನಟ್ ಎಂ12 ಸ್ಟಡ್ ಮೇಲೆ ಸಲೀಸಾಗಿ ತಿರುಗುತ್ತೆ. ಎಳೆಗಳ ನಡುವಿನ ಅಂತರ ಹೆಚ್ಚುಕಮ್ಮಿ ಒಂದೇ, 1.27 ಮತ್ತು 1.25 ಮಿಮೀ. ದಪ್ಪ ಮಾತ್ರ 0.7 ಮಿಮೀ ಕಮ್ಮಿ. ಬಿಗಿ ಮಾಡಿದಾಗ ಹಿಡಿದಂತೆ ಅನಿಸಿ, ಆಮೇಲೆ ಎಳೆ ಕಿತ್ತು ಬರುತ್ತೆ.

ಸ್ಪಿಟ್‌ಫೈರ್, ಮಂಗಳೂರು: ಅಬ್ಬಾ, ಓದಿಯೇ ಕೈ ತಣ್ಣಗಾಯ್ತು ಮಾರಾಯ್ರೆ. ನನ್ನದು ಕಡಲ ಗಾಳಿಯ ಕಥೆ. ರಿಮ್ ಅಂಚಿಗೆ ತುಕ್ಕು ತಿಂದು ಗಾಳಿ ಇಳಿಯುತ್ತದೆ. ಟ್ಯೂಬ್ ಹಾಕಿದರೆ ಆಯ್ತಲ್ಲ?

ರಿಮ್ ಮೇಸ್ತ್ರಿ: ಟ್ಯೂಬ್ ಹಾಕಿದರೆ ಗಾಳಿ ನಿಲ್ಲುತ್ತೆ, ತುಕ್ಕು ನಿಲ್ಲಲ್ಲ. ಬ್ಲಾಸ್ಟ್ ಮಾಡಿಸಿ ನೋಡಿ. ಬೀಡ್ ಕೂರುವ ಜಾಗದಲ್ಲಿ ಮೇಲುಮೇಲಿನ ಗುಳಿ ಇದ್ದರೆ ನಡೆಯುತ್ತೆ. ಅಂಚು ಮೇಲಕ್ಕೆ ಮಡಚುವ ಮೂಲೆಯಲ್ಲಿ ಆಳದ ಗುಳಿ ಇದ್ದರೆ ಆ ರಿಮ್ ಬಿಡಿ. ಟ್ಯೂಬ್ ಹಾಕುವುದಾದರೆ ಟೈರ್ ಒಳಗಿನ ಕಾಗದದ ಸ್ಟಿಕ್ಕರ್ ಕಿತ್ತು ಹಾಕಿ, ಅದು ಟ್ಯೂಬನ್ನು ಉಜ್ಜಿ ತೂತು ಮಾಡುತ್ತೆ.

ಹೆರಾಲ್ಡ್, ಹಾಸನ: ತುಕ್ಕಿಗೆ ಸುಲಭ ಉಪಾಯ ಬಂದಿದೆ. "ಹುಣಸೆಹಣ್ಣು, ಉಪ್ಪು, ಟಾಯ್ಲೆಟ್ ಆಸಿಡ್ ಬೆರೆಸಿ ರಾತ್ರಿಯಿಡೀ ನೆನೆಸಿ, ಹೊಸದರಂತೆ ಹೊಳೆಯುತ್ತದೆ." ಫಾರ್ವರ್ಡ್ ಆಗಿ ಬಂದದ್ದು, ನಾನು ಮಾಡಿ ನೋಡಿಲ್ಲ.

ರಿಮ್ ಮೇಸ್ತ್ರಿ: ಮಾಡಬೇಡಿ. ಡಿಸ್ಕ್ ಮತ್ತು ರಿಮ್ ಸೇರುವ ಸಂದಿಗೆ ಆಸಿಡ್ ಇಳಿಯುತ್ತೆ. ಎಷ್ಟು ತೊಳೆದರೂ ಬರಲ್ಲ. ಹೊರಗೆ ಹೊಳೆಯುತ್ತೆ, ಒಳಗೆ ತಿನ್ನುತ್ತೆ. ಕ್ರೋಮ್ ಮಾಡಿಸಿದ ಹಳೇ ರಿಮ್‌ಗಳಲ್ಲಿ ಸಂದಿಯಿಂದ ತುಕ್ಕು ಸೋರುವುದಕ್ಕೂ ಇದೇ ಕಾರಣ.

ಮಿಡ್ಜೆಟ್, ಬೆಂಗಳೂರು: ನನ್ನದು ಇನ್ನೊಂದು ಸರ್. ಹಳೇ ರಿಮ್ ತುಕ್ಕು ಜಾಸ್ತಿ ಅಂತ 13 ಇಂಚಿನ ಅಲಾಯ್ ತಗೊಂಡೆ, 100 ಪಿಸಿಡಿ. ಚೆನ್ನಾಗಿ ಕೂತಿದೆ.

ರಿಮ್ ಮೇಸ್ತ್ರಿ: ಕೂತಿಲ್ಲ. ಮಿಡ್ಜೆಟ್ ಪಿಸಿಡಿ 4 ಇಂಚು, 101.6 ಮಿಮೀ. ಪ್ರತಿ ಸ್ಟಡ್ 0.8 ಮಿಮೀ ಒಳಗೆ ಬಗ್ಗಿದರೆ ಮಾತ್ರ ನಟ್ ಬಿಗಿಯಾಗುತ್ತೆ. ಬಗ್ಗಿದ ಸ್ಟಡ್ ಪ್ರತಿ ಸುತ್ತಿಗೂ ದಣಿಯುತ್ತೆ, ಒಂದು ದಿನ ತುಂಡಾಗುತ್ತೆ. ನೀವೇ ಅಳೆಯಿರಿ: ಒಂದು ಸ್ಟಡ್‌ನ ಹೊರ ಅಂಚಿನಿಂದ ಎದುರು ಸ್ಟಡ್‌ನ ಒಳ ಅಂಚಿಗೆ ವರ್ನಿಯರ್ ಇಡಿ. ಅಲಾಯ್ ವಾಪಸ್ ಕೊಡಿ.

ಕೊವೆಂಟ್ರಿ ಜಿಟಿ: ನನಗೆ ಅರ್ಥವಾಗದ್ದು, ಅಲಾಯ್ ಯಾಕೆ ಬೇಕು? ಎಂಜಿ ಅಂದರೆ ಸ್ಟೀಲ್ ಇಲ್ಲವೇ ವೈರ್ ವೀಲ್. ಅಲಾಯ್ ಹಾಕಿದ ಮೇಲೆ ಅದು ಯಾವ ಗಾಡಿ?

ಮಿಡ್ಜೆಟ್, ಬೆಂಗಳೂರು: ನಿಮಗೆ ಇಂಗ್ಲೆಂಡಿನಲ್ಲಿ ಫೋನ್ ಮಾಡಿದರೆ ರಿಮ್ ಮನೆಗೆ ಬರುತ್ತೆ. ನಾವು ಕಸ್ಟಮ್ಸ್ ಕಟ್ಟಿ ತರಿಸಬೇಕು. ಮಾತಾಡೋದು ಸುಲಭ.

ಕೊವೆಂಟ್ರಿ ಜಿಟಿ: ದುಡ್ಡಿನ ಮಾತಲ್ಲ. ಇಲ್ಲಿ 40 ವರ್ಷ ದಾಟಿದ ಗಾಡಿಗೆ ವರ್ಷದ ತಪಾಸಣೆಯೇ ಕಡ್ಡಾಯವಿಲ್ಲ. ಹಾಗಂತ ಏನು ಬೇಕಾದರೂ ಹಾಕೋದಾ?

ಮಿಡ್ಜೆಟ್, ಬೆಂಗಳೂರು: ನಾನು "ಏನು ಬೇಕಾದರೂ" ಹಾಕಿಲ್ಲ. ತಪ್ಪು ಅಳತೆ ಅಂತ ಮೇಸ್ತ್ರಿ ಹೇಳಿದರು, ತೆಗೀತೀನಿ. ನೀವು ಪಾಠ ಮಾಡೋದು ಬೇಡ.

ಅಡ್ಮಿನ್: ಇಬ್ಬರೂ ದಯವಿಟ್ಟು.

ಹೆರಾಲ್ಡ್, ಹಾಸನ: ನಟ್ ಹಾಕುವಾಗ ಸ್ಟಡ್‌ಗೆ ಇಂಜಿನ್ ಆಯಿಲ್ ಸವರಿ. ನಮ್ಮ ತಂದೆಯ ಕಾಲದಿಂದ ಹೀಗೇ.

ಸ್ಪಿಟ್‌ಫೈರ್, ಮಂಗಳೂರು: ಆಯಿಲ್ ಹಾಕಿದರೆ ನಟ್ ಬಿಚ್ಚಿಕೊಳ್ಳುತ್ತದೆ ಮಾರಾಯ್ರೆ. ಯಾರು ಹೇಳಿದ್ದು?

ಹೆರಾಲ್ಡ್, ಹಾಸನ: ನಮ್ಮ ಮನೆಯ ಗಾಡಿಯಲ್ಲಿ ಒಂದು ಸಲವೂ ಬಿಚ್ಚಿಲ್ಲ. ಕಡಲ ಕಡೆಯವರಿಗೆ ತುಕ್ಕು ಹಿಡಿದ ನಟ್ ಬಿಚ್ಚೋ ಕಷ್ಟ ಗೊತ್ತಿರಬೇಕಿತ್ತು.

ಸ್ಪಿಟ್‌ಫೈರ್, ಮಂಗಳೂರು: ಊರಿನ ಮಾತು ಬೇಡ. ಕೆಲಸದ್ದು ಮಾತಾಡಿ.

ರಿಮ್ ಮೇಸ್ತ್ರಿ: ಒಣಗಿರಲಿ. ಟಾರ್ಕ್ ಲೆಕ್ಕ ಒಣ ಎಳೆಯದ್ದು. ಎಣ್ಣೆ ಇದ್ದರೆ ಅದೇ ಟಾರ್ಕ್‌ಗೆ ಸ್ಟಡ್ ಜಾಸ್ತಿ ಎಳೆಯುತ್ತೆ. ವೈರ್ ಬ್ರಶ್‌ನಿಂದ ಉಜ್ಜಿ, ಸಾಕು. ಎಂಜಿಬಿ ಸ್ಟೀಲ್ ರಿಮ್‌ಗೆ 60ರಿಂದ 65 ಪೌಂಡ್-ಅಡಿ, ಅಂದರೆ ಸುಮಾರು 8.3ರಿಂದ 9 ಕೆಜಿ-ಮೀಟರ್. ಸ್ಪ್ಯಾನರ್ ಮೇಲೆ ನಿಂತು ತುಳಿಯಬೇಡಿ.

ಹುಬ್ಬಳ್ಳಿ ಸದಸ್ಯರು: ಪೌಡರ್ ಕೋಟಿಂಗ್ ಮಾಡಿಸಬಹುದೇನ್ರೀ?

ರಿಮ್ ಮೇಸ್ತ್ರಿ: ಮೇಲೆ ಇದೆ.

ಹುಬ್ಬಳ್ಳಿ ಸದಸ್ಯರು: ಬಣ್ಣದ್ದೂ ಕೇಳಿದ್ದೆ ರೀ. ಮತ್ತ ಎಂಜಿಬಿಗೆ ಟೈರ್ ಇಲ್ಲಿ ಸಿಗ್ತಾವೇನು?

ರಿಮ್ ಮೇಸ್ತ್ರಿ: 165/80 ಆರ್14. ಸ್ವಿಫ್ಟ್, ಡಿಜೈರ್‌ನ ಕೆಳಗಿನ ಮಾಡೆಲ್‌ಗಳಿಗೆ ಬಂದ ಸೈಜ್ ಅದೇ. ಯಾವ ಟೈರ್ ಅಂಗಡಿಯಲ್ಲೂ ಸಿಗುತ್ತೆ.

ಹೆರಾಲ್ಡ್, ಹಾಸನ: ಟೈರ್ ಬೀಡ್ ಕೂರದಿದ್ದರೆ ಪೆಟ್ರೋಲ್ ಚಿಮುಕಿಸಿ ಬೆಂಕಿ ಕೊಡುವ ವಿಡಿಯೋ ಇದೆ, ಒಂದೇ ಕ್ಷಣದಲ್ಲಿ ಕೂರುತ್ತೆ, ಹಾಕಲಾ?

ರಿಮ್ ಮೇಸ್ತ್ರಿ: ಟೈರ್ ಒಳಗೆ ಬೆಂಕಿ ಹೋದರೆ ಏನಾಗುತ್ತೆ ಅಂತ ಮೈಸೂರಿನವರಿಗೆ ಅಷ್ಟುದ್ದ ಬರೆದಿದ್ದೇನೆ. ಓದಿದ್ದೀರಾ? ಆ ವಿಡಿಯೋ ನೋಡಿ ಒಬ್ಬ ಹುಡುಗ ಕೈ ಕಳಕೊಂಡರೆ ಅದು ಈ ಗುಂಪಿನಿಂದ ಹೋದದ್ದಾಗುತ್ತೆ. ಅಡ್ಮಿನ್, ಹಾಕಿದರೆ ಅಳಿಸಿ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರ ಬರೆಯಲ್ಲ.

ಹೆರಾಲ್ಡ್, ಹಾಸನ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ಸರಿ, ಸುಮ್ನೆ ಇರ್ತೀನಿ.

ಎಂಜಿಬಿ, ಮೈಸೂರು: ಸರ್, ಊಟಿ ಕ್ಯಾನ್ಸಲ್. ಟೈರ್ ಬಿಚ್ಚಿಸಿದೆ. ಅಂಚು ಕಾಯಿಸಿದ ಕಡೆ ಬೀಡ್ ಕರ್ರಗಾಗಿ, ಉಗುರಿನಲ್ಲಿ ಕೆರೆದರೆ ರಬ್ಬರ್ ಪುಡಿ ಉದುರುತ್ತೆ. ಸ್ಟೆಪ್ನಿ ತೂತಿನ ಸುತ್ತಲೂ ಪೌಡರ್ ಇದೆ. ಬೇರೆ ರಿಮ್ ಎಲ್ಲಿ ಹುಡುಕಲಿ?

ಕೊವೆಂಟ್ರಿ ಜಿಟಿ: ಇಲ್ಲಿ ಸೆಕೆಂಡ್ ಹ್ಯಾಂಡ್ ರೋಸ್ಟೈಲ್ ಸಿಗುತ್ತೆ. ನಾನು ನೋಡಿ ತೆಗೆದಿಡುತ್ತೇನೆ.

ರಿಮ್ ಮೇಸ್ತ್ರಿ: ಕೊವೆಂಟ್ರಿಯವರೇ, ಒಳ್ಳೆಯದಾಯಿತು. 14 ಇಂಚು, 5 ಇಂಚು ಅಗಲ, ನಾಲ್ಕು ಸ್ಟಡ್, 114.3 ಪಿಸಿಡಿ. ಹೊಸದಾಗಿ ಬಣ್ಣ ಹೊಡೆದದ್ದು ಬೇಡ, ತುಕ್ಕು ಕಾಣುವುದೇ ಇರಲಿ. ಹಿಂಭಾಗದ ಫೋಟೋ, ನಾಲ್ಕು ತೂತಿನ ಹತ್ತಿರದ ಫೋಟೋ ಕಳಿಸಿ. ವೀಲನ್ನು ಹಬ್‌ಗೆ ಹಾಕಿ ತಿರುಗಿಸಿ ಡಯಲ್ ಗೇಜ್ ಇಟ್ಟು ಔಟ್ (ತಿರುಗುವಾಗ ರಿಮ್ ಎಷ್ಟು ಓಲಾಡುತ್ತೆ ಅಂತ) ನೋಡಿ. ಒಂದು ಮಿಮೀ ಒಳಗಿದ್ದರೆ ತಗೊಳ್ಳಿ, ಜಾಸ್ತಿ ಇದ್ದರೆ ಬಿಡಿ. ಮೈಸೂರಿನವರೇ, ಆ ಸ್ಟೆಪ್ನಿಯನ್ನೂ ಹಾಗೇ ಹಾಕಬೇಡಿ, ತೂತಿನ ಪೌಡರ್ ತೆಗೆಸಿ ಡೈ ಟೆಸ್ಟ್ ಆಗಲಿ. ಹೊಸ ರಿಮ್ ಬಂದ ಮೇಲೆ ಮೊದಲ 100 ಕಿಮೀಗೆ ನಟ್ ಮತ್ತೆ ಟಾರ್ಕ್ ನೋಡಿ. ಬ್ಲಾಸ್ಟಿಂಗ್‌ಗೆ ಕೊಡುವ ದಿನ ನನಗೆ ಫೋನ್ ಮಾಡಿ, ಆ ಅಂಗಡಿಯವರ ಹತ್ತಿರ ನಾನೇ ಮಾತಾಡುತ್ತೇನೆ.